ನಕ್ಷತ್ರಗಳೆಲ್ಲ ಆರಿದ ಮೇಲೂ ಕಾಲ ಇರುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ವಿರಾಜಪೇಟೆ ಕಡೆ. ಕಳೆದ ವರ್ಷ ಮಾವ ತೀರಿಕೊಂಡರು. ಈ ಸಲ ಐನ್‌ಮನೆಯಲ್ಲಿ (ಕುಲದ ಮೂಲಮನೆ) ಕಾರೋಣರಿಗೆ (ಕುಲದ ಹಿರಿಯರಿಗೆ) ಮೀದಿ (ಎಡೆ) ಇಡುವಾಗ ಪಿಯುಸಿ ಓದುವ ಮಗ ಕೇಳಿದ: "ಸೂರ್ಯನೂ ಸಾಯ್ತಾನೆ, ವಿಶ್ವವೂ ಕೊನೆಯಾಗುತ್ತೆ ಅಂತ ಓದಿದ್ದೇನೆ. ಹಾಗಿದ್ರೆ ಇದೆಲ್ಲ ಯಾಕೆ?" ನನಗೆ ಉತ್ತರ ಹೊಳೆಯಲಿಲ್ಲ. ವಿಶ್ವಕ್ಕೆ ನಿಜವಾಗಿ ಕೊನೆ ಇದೆಯೇ? ನಮ್ಮ ಯುಗ, ಕಲ್ಪಗಳ ಲೆಕ್ಕ ವಿಜ್ಞಾನಕ್ಕೆ ಸರಿಹೊಂದುತ್ತದೆ ಎಂದು ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಅದು ನಿಜವೇ? ಎಲ್ಲವೂ ಹೋಗುವುದಾದರೆ ಧರ್ಮಗಳು ಶಾಶ್ವತ ಎನ್ನುವುದು ಯಾವುದನ್ನು?

ಉತ್ತರ: ನಿಮ್ಮ ಮಗ ಓದಿದ್ದರಲ್ಲಿ ಅರ್ಧ ಸರಿ. ಸೂರ್ಯ ಆರಿಹೋಗುವುದು ಖಂಡಿತ. ಆದರೆ ಇವತ್ತು ಹೆಚ್ಚಿನ ಖಗೋಳ ವಿಜ್ಞಾನಿಗಳು ಒಪ್ಪುವ ಲೆಕ್ಕದಲ್ಲಿ ವಿಶ್ವಕ್ಕೆ ಕೊನೆಯ ದಿನ ಅಂತ ಒಂದಿಲ್ಲ. ಅದು ಹಿಗ್ಗುತ್ತಲೇ ಹೋಗುತ್ತದೆ. ಒಳಗಿನ ಬೆಳಕು ಆರುತ್ತದೆ, ಬಿಸಿ ಇಳಿಯುತ್ತದೆ, ನಡೆಯುವ ಸಂಗತಿಗಳು ಕಡಿಮೆಯಾಗುತ್ತಾ ಬಂದು ಕಡೆಗೆ ಏನೂ ನಡೆಯದಂತಾಗುತ್ತದೆ. ಕಾಲ ಮಾತ್ರ ಮುಂದುವರಿಯುತ್ತದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ನಿಮ್ಮ ಮೂರನೇ ಪ್ರಶ್ನೆಗೆ ಬಂದಾಗ ಇದೇ ಬೇಕಾಗುತ್ತದೆ.

ಹತ್ತಿರದಿಂದ ಶುರು ಮಾಡೋಣ. ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ. ತನ್ನ ನಡುವಿನ ಹೈಡ್ರೋಜನ್ನನ್ನು ಹೀಲಿಯಂ ಮಾಡುತ್ತಾ ಬೆಳಗುತ್ತಿದ್ದಾನೆ. ಇನ್ನೂ ಸುಮಾರು 500 ಕೋಟಿ ವರ್ಷ ಹೀಗೇ ನಡೆಯುತ್ತದೆ. ಭೂಮಿಯ ಜೀವಕ್ಕೆ ಮಾತ್ರ ಅಷ್ಟು ಸಮಯ ಇಲ್ಲ. ಸೂರ್ಯನ ಬೆಳಕು ನಿಧಾನವಾಗಿ ಏರುತ್ತಿದೆ. ಇನ್ನು 100 ಕೋಟಿ ವರ್ಷದ ಹೊತ್ತಿಗೆ ಅದು ಶೇಕಡ 10ರಷ್ಟು ಜಾಸ್ತಿಯಾಗುತ್ತದೆ. ಸಮುದ್ರಗಳು ಆವಿಯಾಗುವುದಕ್ಕೆ ಅಷ್ಟು ಸಾಕು. ಸಮುದ್ರ ಇಲ್ಲದ ಮೇಲೆ ಮುಂಗಾರಿಲ್ಲ, ಮುಂಗಾರಿಲ್ಲದ ಮೇಲೆ ಕಾವೇರಿ ಇಲ್ಲ.

ಸೂರ್ಯನ ಮುಪ್ಪು ಹೇಗಿರುತ್ತದೆ ಎಂದು ಈಗಲೇ ನೋಡಬೇಕಿದ್ದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ತಲೆ ಎತ್ತಿ ನೋಡಿ. ರೋಹಿಣಿ ನಕ್ಷತ್ರ ಕೂಡಿದ ಹುಣ್ಣಿಮೆಯಲ್ಲಿ ತಾನೇ ನಾವು ಕದಿರು ತೆಗೆಯುವುದು? ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತು ಮಾಡುವಾಗ ನೋಡುವುದೂ ಅದನ್ನೇ. ಚಂದ್ರನ ಆಸುಪಾಸಿನಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೆಯುವ ಆ ನಕ್ಷತ್ರ ನಮ್ಮಿಂದ ಸುಮಾರು 65 ಬೆಳಕಿನ ವರ್ಷ ದೂರ. ಅಂದರೆ ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ನಿಮ್ಮ ಮಾವ ಯುವಕರೋ ಹುಡುಗರೋ ಆಗಿದ್ದಿರಬೇಕು. ರೋಹಿಣಿಯ ದ್ರವ್ಯರಾಶಿ ನಮ್ಮ ಸೂರ್ಯನಿಗಿಂತ ಸ್ವಲ್ಪವೇ ಜಾಸ್ತಿ, ಆದರೆ ಅಗಲ 40 ಪಟ್ಟಿಗೂ ಹೆಚ್ಚು. ನಡುವಿನ ಹೈಡ್ರೋಜನ್ ಮುಗಿದು ಮೈ ಉಬ್ಬಿಸಿಕೊಂಡ ನಕ್ಷತ್ರ ಅದು. ಕೆಂಪು ದೈತ್ಯ ಎಂದು ಕರೆಯುತ್ತೇವೆ. ನಮ್ಮ ಸೂರ್ಯನೂ ಇದೇ ಹಾದಿ ಹಿಡಿಯುತ್ತಾನೆ. ಆಮೇಲೆ ಹೊರಪದರ ಕಳಚಿಕೊಂಡು, ಭೂಮಿಯಷ್ಟೇ ಗಾತ್ರದ ಶ್ವೇತಕುಬ್ಜವಾಗಿ ತಣ್ಣಗಾಗುತ್ತಾ ಹೋಗುತ್ತಾನೆ. "ಪೊಲಿ ಪೊಲಿ ದೇವಾ" ಎಂದು ಹೊಸ ಬೆಳೆ ಮನೆಗೆ ತರುವ ರಾತ್ರಿಯ ನಕ್ಷತ್ರವೇ ನಮ್ಮ ಸೂರ್ಯನ ಮುಂದಿನ ರೂಪ ಅನ್ನುವುದು ನನಗೆ ತುಂಬಾ ಮುಖ್ಯವಾದ ಸಂಗತಿ. ಈ ಸಲ ಮಗನಿಗೆ ತೋರಿಸಿ.

ಈಗ ದೂರಕ್ಕೆ ಹೋಗೋಣ. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಅದು ಹಿಗ್ಗುತ್ತಿದೆ ಎಂಬುದು 1920ರ ದಶಕದಿಂದ ಗೊತ್ತು. ಗುರುತ್ವ ಒಂದಲ್ಲ ಒಂದು ದಿನ ಈ ಹಿಗ್ಗುವಿಕೆಗೆ ಕಡಿವಾಣ ಹಾಕುತ್ತದೆ, ಕಡೇಪಕ್ಷ ನಿಧಾನವಾದರೂ ಮಾಡುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳನ್ನು, ಅಂದರೆ ಸಿಡಿದು ಹೊಳೆಯುವ ನಕ್ಷತ್ರಗಳನ್ನು, ಅಳೆದು ನೋಡಿದಾಗ ಫಲಿತಾಂಶ ಉಲ್ಟಾ ಬಂತು. ಹಿಗ್ಗುವ ವೇಗ ಏರುತ್ತಿದೆ! ಪರ್ಲ್‌ಮಟರ್, ಶ್ಮಿಟ್, ರೀಸ್ ಅವರಿಗೆ 2011ರಲ್ಲಿ ನೊಬೆಲ್ ಸಿಕ್ಕಿದ್ದು ಇದಕ್ಕೇ. ಈ ಏರಿಕೆಗೆ ಕಾರಣವಾದುದಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟಿದ್ದಾರೆ. ವಿಶ್ವದಲ್ಲಿರುವ ಒಟ್ಟು ಶಕ್ತಿಯಲ್ಲಿ ಸುಮಾರು ಶೇಕಡ 68 ಅದೇ. ನಾವು, ಬೆಟ್ಟ, ನದಿ, ನಕ್ಷತ್ರ ಎಲ್ಲ ಸೇರಿದರೂ ಶೇಕಡ 5 ಅಷ್ಟೇ.

ಇದು ಹೀಗೇ ಮುಂದುವರಿದರೆ ಹತ್ತು ಹದಿನೈದು ಸಾವಿರ ಕೋಟಿ ವರ್ಷಗಳ ನಂತರ ದೂರದ ಗ್ಯಾಲಕ್ಸಿಗಳೆಲ್ಲ ನೋಟದ ಆಚೆಗೆ ಹೋಗಿಬಿಡುತ್ತವೆ. ಆಗ ಎಲ್ಲಾದರೂ ಖಗೋಳ ವಿಜ್ಞಾನಿಗಳು ಇದ್ದರೆ, ತಮ್ಮ ಗ್ಯಾಲಕ್ಸಿಯೊಂದೇ ವಿಶ್ವ ಎಂದು ಅವರಿಗೆ ಕಾಣುತ್ತದೆ. ಮಹಾಸ್ಫೋಟದ ಸುಳಿವೂ ಅವರಿಗೆ ಸಿಗುವುದು ಕಷ್ಟ. ಪುರಾವೆ ಇನ್ನೂ ಕಣ್ಣಿಗೆ ಕಾಣುವ ಕಾಲದಲ್ಲಿ ನಾವು ಹುಟ್ಟಿದ್ದೇವೆ. ಇದನ್ನು ಭಾಗ್ಯ ಎನ್ನಲು ನನಗೆ ಸಂಕೋಚವಿಲ್ಲ.

ಅದರಾಚೆಗಿನ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಸುಮಾರು 1ರ ಮುಂದೆ 14 ಸೊನ್ನೆ ಇಟ್ಟಷ್ಟು ವರ್ಷಕ್ಕೆ ಹೊಸ ನಕ್ಷತ್ರ ಹುಟ್ಟಲು ಬೇಕಾದ ಅನಿಲ ಮುಗಿದಿರುತ್ತದೆ. ತುಂಬಾ ಸಣ್ಣದಾಗಿ, ನಿಧಾನವಾಗಿ ಉರಿಯುವ ಕೆಂಪು ಕುಬ್ಜಗಳೂ ಆ ಹೊತ್ತಿಗೆ ಆರಿರುತ್ತವೆ. ಉಳಿಯುವುದು ತಣ್ಣಗಾದ ಶ್ವೇತಕುಬ್ಜಗಳು, ನ್ಯೂಟ್ರಾನ್ ನಕ್ಷತ್ರಗಳು, ಬೆಳಕನ್ನೂ ಹೊರಬಿಡದ ಕಪ್ಪುಕುಳಿಗಳು. ಕಪ್ಪುಕುಳಿಗಳೂ ಚಿರಂಜೀವಿಗಳಲ್ಲ. ಅವು ಬಹಳ ಬಹಳ ನಿಧಾನವಾಗಿ ಆವಿಯಾಗುತ್ತವೆ ಎಂದು ಹಾಕಿಂಗ್ 1974ರಲ್ಲಿ ತೋರಿಸಿದರು. ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿ ಕರಗಲು 1ರ ಮುಂದೆ 67 ಸೊನ್ನೆಯಷ್ಟು ವರ್ಷ ಬೇಕು. ಅತಿ ದೊಡ್ಡವಕ್ಕೆ 100 ಸೊನ್ನೆ. ಒಂದು ಕೋಟಿಗೆ ಇರುವುದು ಏಳೇ ಸೊನ್ನೆ ಎನ್ನುವುದನ್ನು ನೆನಪಿಡಿ.

ದ್ರವ್ಯವೇ ಒಂದು ದಿನ ಒಡೆದುಹೋಗುತ್ತದೆಯೇ, ಅಂದರೆ ಪರಮಾಣುವಿನ ನಡುವಿನ ಕಣವಾದ ಪ್ರೋಟಾನಿಗೂ ಸಾವಿದೆಯೇ? ಈ ಪ್ರಶ್ನೆಗೆ ನಮ್ಮ ಕರ್ನಾಟಕದ ನೆಲದಲ್ಲೇ ಹುಡುಕಾಟ ನಡೆದಿತ್ತು. 1980ರ ದಶಕದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕಬ್ಬಿಣದ ತಟ್ಟೆಗಳ ರಾಶಿ ಪೇರಿಸಿ ಒಂದೇ ಒಂದು ಪ್ರೋಟಾನ್ ಒಡೆಯುವುದನ್ನು ಕಾದು ಕೂತಿದ್ದರು. ಒಂದೆರಡು ಸುಳಿವು ಸಿಕ್ಕಿತು ಎಂದರು, ಬೇರೆ ಕಡೆಯ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಆಮೇಲೆ ಜಪಾನಿನ ಸೂಪರ್ ಕಮಿಯೊಕಾಂಡೆ ಎಂಬ ನೆಲದಡಿಯ ಪ್ರಯೋಗ ಇನ್ನೂ ದೊಡ್ಡದಾಗಿ ಹುಡುಕಿತು. ಇವತ್ತಿನವರೆಗೆ ಒಂದೂ ಖಚಿತವಾಗಿ ಕಂಡಿಲ್ಲ. ಹಾಗಾಗಿ ಪ್ರೋಟಾನಿನ ಆಯಸ್ಸು ಕಡಿಮೆ ಎಂದರೂ 1ರ ಮುಂದೆ 34 ಸೊನ್ನೆ ವರ್ಷ. ಭೂಮಿಯ ಹೊಟ್ಟೆಯೊಳಗೆ ಕೂತು ವಿಶ್ವದ ಕೊನೆಯ ಬಗ್ಗೆ ಯೋಚಿಸಿದ ಆ ಜನರ ಕಥೆ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಕೆಜಿಎಫ್ ಎಂದರೆ ಸಿನಿಮಾ ಒಂದೇ ನೆನಪಾಗುವ ಹಾಗಾಗಿದೆ.

ಯಾಕೆ ಎಲ್ಲವೂ ಹೀಗೆ ಆರುವ ಕಡೆಗೇ ಹೋಗುತ್ತದೆ? ಒಲೆಯಿಂದ ಇಳಿಸಿಟ್ಟ ಕಾಫಿ ತಾನಾಗಿ ಆರುತ್ತದೆ. ಆರಿದ ಕಾಫಿ ತಾನಾಗಿ ಬಿಸಿಯಾಗಿದ್ದನ್ನು ಯಾರೂ ನೋಡಿಲ್ಲ. ಬಿಸಿ ಇದ್ದಲ್ಲಿಂದ ಇಲ್ಲದಲ್ಲಿಗೆ ಹರಿದು, ಎರಡೂ ಸಮವಾದ ಮೇಲೆ ನಿಲ್ಲುತ್ತದೆ. ಇದನ್ನು ಅಳೆಯಲು ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂಬ ಅಳತೆ ಕೊಟ್ಟರು. ಹೊರಗಿನಿಂದ ಪೂರ್ತಿ ಬೇರ್ಪಟ್ಟ ವ್ಯವಸ್ಥೆಯಲ್ಲಿ ಅದು ಏರುತ್ತದೆ, ಇಳಿಯುವುದಿಲ್ಲ. ನಿನ್ನೆ ಮತ್ತು ನಾಳೆ ಬೇರೆ ಬೇರೆ ಎಂದು ಭೌತಶಾಸ್ತ್ರಕ್ಕೆ ಗೊತ್ತಾಗುವುದು ಹೆಚ್ಚಾಗಿ ಈ ಒಂದು ನಿಯಮದಿಂದ. ವಿಶ್ವದಲ್ಲಿ ಎಲ್ಲ ಕಡೆ ಬಿಸಿ ಸಮವಾಗಿಬಿಟ್ಟರೆ ಹರಿಯಲು ಏನೂ ಉಳಿಯುವುದಿಲ್ಲ. ಹರಿಯದಿದ್ದರೆ ಕೆಲಸ ಇಲ್ಲ, ಬೆಳವಣಿಗೆ ಇಲ್ಲ, ನೆನಪೂ ಇಲ್ಲ. ಇಂಥ ಸ್ಥಿತಿಗೇ ಶಾಖದ ಸಾವು ಎನ್ನುತ್ತಾರೆ.

ಬೇರೆ ಸಾಧ್ಯತೆಗಳೂ ಇವೆ. ವಿಶ್ವ ಮತ್ತೆ ಕುಗ್ಗಿ ಕುಸಿಯಬಹುದು ಎಂಬ ಯೋಚನೆ ಹಳೆಯದು. 1998ರ ನಂತರ ಅದು ಹಿಂದೆ ಸರಿದಿತ್ತು. 2024 ಮತ್ತು 2025ರಲ್ಲಿ ಅಮೆರಿಕದ ಅರಿಜೋನಾದಲ್ಲಿರುವ, ಗ್ಯಾಲಕ್ಸಿಗಳ ದೂರ ಅಳೆಯುವ ಡೆಸಿ ಉಪಕರಣದಿಂದ ಬಂದ ಅಳತೆಗಳು ಡಾರ್ಕ್ ಎನರ್ಜಿ ಕಾಲ ಕಳೆದಂತೆ ಸೊರಗುತ್ತಿರಬಹುದು ಎಂಬ ಸುಳಿವು ಕೊಟ್ಟಿವೆ. ಅದು ಗಟ್ಟಿಯಾದರೆ ದೂರದ ಭವಿಷ್ಯದ ಚಿತ್ರ ಬದಲಾಗಬಹುದು. ವಿಶ್ವಕ್ಕೆ ಆದಿಯೇ ಇಲ್ಲ ಎಂದು ಬ್ರಿಟನ್ನಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ಸೇರಿ ಕೊನೆವರೆಗೂ ವಾದಿಸಿದವರು ನಮ್ಮ ಜಯಂತ ನಾರ್ಳೀಕರ್. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ವಾದ ಹೆಚ್ಚಿನವರು ಒಪ್ಪಿದ್ದಲ್ಲ. ಆದರೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುವಾಗ ಪುರಾವೆ ಕೇಳುತ್ತಾ ನಿಲ್ಲುವ ಧೈರ್ಯ ಅವರಲ್ಲಿತ್ತು. ಆ ಗುಣವನ್ನು ನಾನು ತುಂಬಾ ಗೌರವಿಸುತ್ತೇನೆ.

ಈಗ ನಿಮ್ಮ ಎರಡನೇ ಪ್ರಶ್ನೆ, ಯುಗಗಳ ಲೆಕ್ಕ. ಕಲಿಯುಗಕ್ಕೆ 4,32,000 ವರ್ಷ. ನಾಲ್ಕು ಯುಗ ಸೇರಿದ ಮಹಾಯುಗಕ್ಕೆ 43,20,000. ಅಂಥ ಸಾವಿರ ಸೇರಿದರೆ ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಭೂಮಿಯ ವಯಸ್ಸು 454 ಕೋಟಿ. "ನೋಡಿ, ಹತ್ತಿರ ಹತ್ತಿರ ಒಂದೇ ಆಯ್ತಲ್ಲ!" ಎಂದು ಸಂದೇಶಗಳು ಓಡಾಡುತ್ತವೆ. ಆದರೆ ಸಂಕಲ್ಪವನ್ನು ಗಮನವಿಟ್ಟು ಕೇಳಿ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೇ ಮಹಾಯುಗದ ಕಲಿಯುಗ ಎನ್ನುತ್ತಾರೆ. ಅಂದರೆ ನಾವು ಈ ಹಗಲಿನ ಮಧ್ಯದಲ್ಲೆಲ್ಲೋ ಇದ್ದೇವೆ. ಹದಿನಾಲ್ಕು ಮನುಗಳಲ್ಲಿ ವೈವಸ್ವತ ಏಳನೆಯವನು. ಲೆಕ್ಕ ಹಾಕಿದರೆ ಈ ಕಲ್ಪದಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ. ಭೂಮಿಯ ವಯಸ್ಸಿಗೆ ಹೋಲಿಸಬೇಕಾದ್ದು ಇದನ್ನು, 432 ಕೋಟಿಯನ್ನಲ್ಲ. ಹೋಲಿಸಿದರೆ ಹೊಂದುವುದಿಲ್ಲ. ನಮ್ಮ ಕೊಡಗಿನ ಬುಡದ ಬಂಡೆಗಳೇ 300 ಕೋಟಿ ವರ್ಷಕ್ಕಿಂತ ಹಳೆಯವು. ಈ ಲೆಕ್ಕದ ಪ್ರಕಾರ ಬ್ರಹ್ಮನ ಬೆಳಗಾಗುವ ಎಷ್ಟೋ ಮುಂಚೆ ಅವು ಇಲ್ಲಿದ್ದವು ಎಂದಾಗುತ್ತದೆ.

ಹಾಗಾದರೆ ಈ ಸಂಖ್ಯೆಗಳು ಎಲ್ಲಿಂದ ಬಂದವು? ಜ್ಯೋತಿಷ ಸಿದ್ಧಾಂತಗಳಲ್ಲಿ ಅವಕ್ಕೆ ಒಂದು ಕೆಲಸ ಇತ್ತು. ಸೂರ್ಯ, ಚಂದ್ರ, ಗುರು, ಶನಿ ಎಲ್ಲವೂ ಪೂರ್ಣ ಸುತ್ತುಗಳನ್ನು ಮುಗಿಸಿ ಮತ್ತೆ ಒಂದೇ ಕಡೆ ಸೇರುವಷ್ಟು ದೊಡ್ಡ ಅವಧಿ ಬೇಕು. ಹಾಗಿದ್ದರೆ ಸುತ್ತುಗಳನ್ನು ಭಿನ್ನರಾಶಿ ಇಲ್ಲದೆ ಬರೆಯಬಹುದು. ಯುಗ ಆ ಕೆಲಸಕ್ಕೆ ಹೇಳಿ ಮಾಡಿಸಿದ ಅವಧಿ. ಹಿಂದಿನವರೂ ಈ ಸಂಖ್ಯೆಗಳನ್ನು ಕಣ್ಣು ಮುಚ್ಚಿ ಒಪ್ಪಲಿಲ್ಲ. ಕ್ರಿ.ಶ. 499ರಲ್ಲಿ, 23ನೇ ವಯಸ್ಸಿನಲ್ಲಿದ್ದ ಆರ್ಯಭಟ ನಾಲ್ಕು ಯುಗಗಳನ್ನೂ ಸಮನಾಗಿ 10,80,000 ವರ್ಷ ಮಾಡಿದ. ಕಲ್ಪಕ್ಕೆ ಸಾವಿರದ ಬದಲು 1008 ಮಹಾಯುಗ ಎಂದ. ಸ್ಮೃತಿಗೆ ವಿರುದ್ಧ ಹೋದ ಎಂದು ಬ್ರಹ್ಮಗುಪ್ತ ಅವನನ್ನು ಟೀಕಿಸಿದ. ನಮ್ಮ ಪರಂಪರೆಯ ಹೆಮ್ಮೆ ನನ್ನ ಪಾಲಿಗೆ ಈ ಜಗಳದಲ್ಲಿದೆ. ಇನ್ನೊಂದು ವಿಷಯದಲ್ಲೂ ಇದೆ. ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ 1650ರಲ್ಲಿ ಸೃಷ್ಟಿಯಾಗಿದ್ದು ಕ್ರಿ.ಪೂ. 4004ರಲ್ಲಿ ಎಂದು ಲೆಕ್ಕ ಕೊಟ್ಟರು. ಅದಕ್ಕೂ ಸಾವಿರ ವರ್ಷ ಮುಂಚೆ ಇಲ್ಲಿನವರು ನೂರಾರು ಕೋಟಿ ವರ್ಷಗಳನ್ನು ಹೆದರದೆ ಯೋಚಿಸುತ್ತಿದ್ದರು. ಕಾಲ ಅಷ್ಟು ದೊಡ್ಡದಿರಬಹುದು ಎಂದು ಊಹಿಸುವ ಎದೆಗಾರಿಕೆ ಬೇರೆ, ಅಳೆದು ತಿಳಿಯುವುದು ಬೇರೆ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ.

ಇನ್ನೂ ಒಂದು ಹೇಳಿಬಿಡುತ್ತೇನೆ, ಯಾಕೆಂದರೆ ಯಾರಾದರೂ ಇದನ್ನೂ ಸಂದೇಶ ಮಾಡಿ ಕಳಿಸಬಹುದು. ಬ್ರಹ್ಮನ ನೂರು ವರ್ಷದ ಆಯಸ್ಸು ನಮ್ಮ ಲೆಕ್ಕದಲ್ಲಿ 3,11,04,000 ಕೋಟಿ ವರ್ಷ. ಇದು 1ರ ಮುಂದೆ 14 ಸೊನ್ನೆಯ ಆಸುಪಾಸು. ನಕ್ಷತ್ರಗಳು ಹುಟ್ಟುವುದು ನಿಲ್ಲುವ ಕಾಲವೂ ಅದೇ ಆಸುಪಾಸು. ಇದು ಕಾಕತಾಳೀಯ. ಸಂಖ್ಯೆ ಹೊಂದಿತು ಎಂದು ನಂಬಿಕೆಯನ್ನು ಅದಕ್ಕೆ ಕಟ್ಟಿಹಾಕಿದರೆ, ನಾಳೆ ಅಳತೆ ಬದಲಾದ ದಿನ ನಂಬಿಕೆಯೂ ಅದರ ಜೊತೆ ಬೀಳಬೇಕಾಗುತ್ತದೆ.

ಈ ಅಪಾಯವನ್ನು ಚೆನ್ನಾಗಿ ಅರಿತಿದ್ದವರು ಜಾರ್ಜ್ ಲೆಮೈತ್ರ್. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಭೌತವಿಜ್ಞಾನಿ. ವಿಶ್ವ ಒಂದು ಆದಿಮ ಕಣದಿಂದ ಶುರುವಾಗಿರಬೇಕು ಎಂದು 1931ರಲ್ಲಿ ಹೇಳಿದವರು ಅವರೇ. 1951ರಲ್ಲಿ ಪೋಪ್ 12ನೇ ಪಯಸ್, ವಿಜ್ಞಾನ ಸೃಷ್ಟಿಯ ಕ್ಷಣಕ್ಕೆ ಸಾಕ್ಷಿ ನುಡಿಯುತ್ತಿದೆ ಎಂಬರ್ಥದಲ್ಲಿ ಭಾಷಣ ಮಾಡಿದರು. ಬೇರೆ ಪಾದ್ರಿಯಾಗಿದ್ದರೆ ಹಿಗ್ಗುತ್ತಿದ್ದರು. ಲೆಮೈತ್ರ್‌ಗೆ ಅದು ಸರಿ ಕಾಣಲಿಲ್ಲ. ತನ್ನ ಸಿದ್ಧಾಂತ ದೇವರಿದ್ದಾನೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಪುರಾವೆಯಲ್ಲ ಎಂಬುದು ಅವರ ನಿಲುವು. ಆಮೇಲೆ ಪೋಪ್ ಆ ವಾದವನ್ನು ಮುಂದುವರಿಸಲಿಲ್ಲ.

ಮೂರನೇ ಪ್ರಶ್ನೆಗೆ ಬರೋಣ. ಶುರುವಿನಲ್ಲಿ ಹೇಳಿದ ಮಾತು ಇಲ್ಲಿ ಬೇಕು. ಕೊನೆಯಿಲ್ಲದ ಕಾಲವನ್ನು ವಿಜ್ಞಾನವೇ ಕೊಡುತ್ತಿದೆ. ಸೊನ್ನೆಗಳನ್ನು ಎಷ್ಟು ಬೇಕಾದರೂ ಸೇರಿಸುತ್ತಾ ಹೋಗಿ, ಅದರಾಚೆಗೂ ಕಾಲ ಇದೆ. ಅದು ನಿಮಗೆ ಬೇಕೇ? ಯಾರಿಗೂ ಬೇಡ. ಕತ್ತಲು, ಚಳಿ, ಏನೂ ನಡೆಯದ ಅವಧಿ ಎಷ್ಟು ಉದ್ದ ಇದ್ದರೇನು? ಹಾಗಾದರೆ ಋಷಿಗಳು, ಸಂತರು, ಸೂಫಿಗಳು ಶಾಶ್ವತ ಎಂದು ಹಂಬಲಿಸಿದ್ದು ಈ ಉದ್ದಕ್ಕಲ್ಲ. ಆಳವಾಗಿ ಯೋಚಿಸಿದ ಪ್ರತಿ ಧರ್ಮದಲ್ಲೂ ಇದನ್ನು ಯಾರೋ ಒಬ್ಬರು ಕಂಡುಕೊಂಡಿದ್ದಾರೆ.

ನಮ್ಮಲ್ಲೇ ನೋಡಿ. ಸ್ವರ್ಗ ಶಾಶ್ವತ ಎಂದು ಗೀತೆ ಹೇಳುವುದೇ ಇಲ್ಲ. ಪುಣ್ಯ ಖರ್ಚಾದ ಮೇಲೆ ಮತ್ತೆ ಭೂಮಿಗೆ ಬರಬೇಕು ಎನ್ನುತ್ತದೆ ಒಂಬತ್ತನೇ ಅಧ್ಯಾಯ. ಬ್ರಹ್ಮಲೋಕದವರೆಗೆ ಯಾವ ಲೋಕಕ್ಕೆ ಹೋದರೂ ವಾಪಸು ಬರುವುದು ತಪ್ಪಿದ್ದಲ್ಲ ಎನ್ನುತ್ತದೆ ಎಂಟನೆಯದು. ಬ್ರಹ್ಮನಿಗೇ ಸಾವಿದೆ ಎಂದ ಮೇಲೆ ಉಳಿದವರ ಮಾತೇನು! ಅಷ್ಟು ದೊಡ್ಡ ದೊಡ್ಡ ಸಂಖ್ಯೆ ಹೇಳಿದ್ದರ ಉದ್ದೇಶವೇ ಇದು ಎಂದು ನನಗನಿಸುತ್ತದೆ. ಎಷ್ಟು ಉದ್ದದ ಕಾಲವಾದರೂ ಅದು ಮೋಕ್ಷವಲ್ಲ ಎಂದು ಮನಸ್ಸಿಗೆ ನಾಟಿಸಬೇಕಿತ್ತು. ಮಾಂಡೂಕ್ಯ ಉಪನಿಷತ್ತು ಭೂತ, ವರ್ತಮಾನ, ಭವಿಷ್ಯ ಮೂರನ್ನೂ ಹೇಳಿ, ಈ ಮೂರನ್ನೂ ಮೀರಿದ್ದು ಇನ್ನೊಂದು ಎನ್ನುತ್ತದೆ. ಅವರು ತೋರಿಸಿದ್ದು ಅದರ ಕಡೆಗೆ.

ನಾಲ್ಕು, ಐದನೇ ಶತಮಾನದಲ್ಲಿ ಬದುಕಿದ್ದ ಸಂತ ಅಗಸ್ಟೀನರಿಗೂ ಇಂಥದೇ ಪ್ರಶ್ನೆ ಎದುರಾಗಿತ್ತು. ಸೃಷ್ಟಿಗೆ ಮುಂಚೆ ದೇವರು ಏನು ಮಾಡುತ್ತಿದ್ದ? ಅವರ ಉತ್ತರ: ಕಾಲವೂ ಸೃಷ್ಟಿಯಾದದ್ದೇ, ಹಾಗಾಗಿ ಮುಂಚೆ ಎನ್ನುವುದೇ ಇರಲಿಲ್ಲ. ಮಹಾಸ್ಫೋಟಕ್ಕೆ ಮುಂಚೆ ಏನಿತ್ತು ಎಂದು ಮಕ್ಕಳು ಕೇಳಿದಾಗ ಇವತ್ತು ಎಷ್ಟೋ ಭೌತವಿಜ್ಞಾನಿಗಳು ಕೊಡುವ ಉತ್ತರವೂ ಹೆಚ್ಚುಕಡಿಮೆ ಅದೇ. ಆರನೇ ಶತಮಾನದ ರೋಮಿನ ತತ್ವಜ್ಞಾನಿ ಬೊಯೆಥಿಯಸ್ ಇನ್ನೂ ಮುಂದೆ ಹೋದರು. ಕೊನೆಯಿಲ್ಲದೆ ನಡೆಯುವುದು ನಿತ್ಯತೆಯಲ್ಲ, ಕೊನೆಯಿಲ್ಲದ ಬದುಕನ್ನು ಇಡಿಯಾಗಿ ಒಟ್ಟಿಗೇ ಹೊಂದಿರುವುದು ನಿತ್ಯತೆ ಎಂದರು. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿನಲ್ಲಿ ಸತ್ತವರಿಗೆ ನಿತ್ಯ ವಿಶ್ರಾಂತಿ ಬೇಡುವಾಗ, ಬೇಡುವುದು ಈ ಅರ್ಥದ ನಿತ್ಯತೆಯನ್ನು. ಶಾಖದ ಸಾವು ಅದನ್ನು ಮುಟ್ಟುವುದಿಲ್ಲ.

ಎಮ್ಮೆಮಾಡಿನ ಉರೂಸಿಗೆ ಹೋಗುವವರ ಕುರಾನಿನಲ್ಲಿ 55ನೇ ಅಧ್ಯಾಯದ ಮಾತು ಇನ್ನೂ ನೇರ. ಭೂಮಿಯ ಮೇಲಿರುವುದೆಲ್ಲ ನಾಶವಾಗುವಂಥದ್ದು, ಉಳಿಯುವುದು ನಿನ್ನ ಪ್ರಭುವಿನ ಮುಖ ಮಾತ್ರ. ವಿಶ್ವಕ್ಕೆ ಆದಿ ಇದೆಯೇ ಇಲ್ಲವೇ ಎಂಬುದರ ಮೇಲೆ ಹನ್ನೊಂದು, ಹನ್ನೆರಡನೇ ಶತಮಾನದಲ್ಲಿ ಇಸ್ಲಾಮಿನ ಚಿಂತಕರಾದ ಘಜಾಲಿ ಒಂದು ಕಡೆ, ಇಬ್ನ್ ರುಶ್ದ್ ಇನ್ನೊಂದು ಕಡೆ ನಿಂತು ದೊಡ್ಡ ದೊಡ್ಡ ಗ್ರಂಥಗಳನ್ನೇ ಬರೆದರು. ಇಬ್ಬರೂ ಭಕ್ತರೇ.

ಜೈನರದು ಪೂರ್ತಿ ಬೇರೆ ದಾರಿ. ಶನಿವಾರಸಂತೆ ಹತ್ತಿರದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, 11ನೇ ಶತಮಾನದ ಬಸದಿಗಳಿವೆ. ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕೈ ಮುಗಿದವರಿಗೆ ಸೃಷ್ಟಿಯೂ ಇಲ್ಲ, ಸೃಷ್ಟಿಕರ್ತನೂ ಇಲ್ಲ. ಲೋಕ ಅನಾದಿ, ಅನಂತ. ಕಾಲಚಕ್ರ ಆರು ಹಂತ ಇಳಿಯುತ್ತದೆ, ಆರು ಹಂತ ಏರುತ್ತದೆ. ನಾವೀಗ ಇಳಿಯುವ ಚಕ್ರದ ಐದನೇ ಹಂತದಲ್ಲಿದ್ದೇವೆ, ಅದಕ್ಕೆ 21,000 ವರ್ಷ. ಮುಕ್ತಿ ಎಂದರೆ ಅವರಿಗೆ ಆ ಚಕ್ರದಿಂದಲೇ ಹೊರಗೆ ಬರುವುದು.

ಕುಶಾಲನಗರ ದಾಟಿ ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠಕ್ಕೆ ನೀವೆಲ್ಲ ಹೋಗಿಯೇ ಇರುತ್ತೀರಿ. ಕಲ್ಪ ಎಷ್ಟು ದೊಡ್ಡದು ಎಂದು ಕೇಳಿದವನಿಗೆ ಬುದ್ಧ ಸಂಖ್ಯೆ ಹೇಳಲಿಲ್ಲ. ಯೋಜನದಷ್ಟು ದೊಡ್ಡ ಕಲ್ಲುಬೆಟ್ಟವನ್ನು ನೂರು ವರ್ಷಕ್ಕೊಮ್ಮೆ ಕಾಶಿಯ ನುಣುಪು ಬಟ್ಟೆಯಿಂದ ಒರೆಸಿದರೆ, ಬೆಟ್ಟ ಸವೆದು ಹೋಗುತ್ತದೆ, ಕಲ್ಪ ಮುಗಿಯುವುದಿಲ್ಲ ಎಂದ. ಆದರೆ ಲೋಕ ಶಾಶ್ವತವೋ ಅಲ್ಲವೋ ಎಂದು ಮಾಲುಂಕ್ಯಪುತ್ತ ಹಠ ಹಿಡಿದು ಕೇಳಿದಾಗ ಉತ್ತರ ಕೊಡಲೇ ಇಲ್ಲ. ವಿಷದ ಬಾಣ ತಗುಲಿದವನು ಬಾಣ ಹೊಡೆದವನ ಜಾತಿ ಯಾವುದು, ಊರು ಯಾವುದು ಎಂದು ತಿಳಿಯುವವರೆಗೆ ಬಾಣ ಕೀಳಲು ಬಿಡುವುದಿಲ್ಲ ಎಂದರೆ ಸತ್ತೇ ಹೋಗುತ್ತಾನೆ ಎಂದ. ವಿಜ್ಞಾನ ಕಲಿಸಿದ ನನಗೆ ಪ್ರಶ್ನೆ ಬದಿಗಿಡುವುದು ಒಗ್ಗುವುದಿಲ್ಲ. ಋಗ್ವೇದದ ನಾಸದೀಯ ಸೂಕ್ತ ನನಗೆ ಹೆಚ್ಚು ಹತ್ತಿರ. ಸೃಷ್ಟಿ ಹೇಗಾಯಿತು ಎಂದು ಕೇಳುತ್ತಾ ಹೋಗಿ ಕೊನೆಗೆ, ಮೇಲಿನಿಂದ ನೋಡುತ್ತಿರುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ನಿಲ್ಲಿಸುತ್ತದೆ. ಆದರೆ ದುಃಖದಲ್ಲಿರುವ ಮನೆಯಲ್ಲಿ ಬುದ್ಧನ ಮಾತಿಗೆ ತೂಕ ಜಾಸ್ತಿ ಎಂದು ಒಪ್ಪುತ್ತೇನೆ.

ಭೌತಶಾಸ್ತ್ರದಲ್ಲಿ ಕಾಲ ಮೀರಿದ್ದು ಅನ್ನುವುದಕ್ಕೆ ಜಾಗ ಇದೆಯೇ? ಸ್ವಲ್ಪ ಇದೆ. ಆರ್ಯಭಟ ಒಂದು ಮಾತು ಬರೆದಿದ್ದಾನೆ. ಕಾಲಕ್ಕೆ ಆದಿ ಇಲ್ಲ, ಅಂತ್ಯ ಇಲ್ಲ, ಗ್ರಹ ನಕ್ಷತ್ರಗಳ ಚಲನೆಯಿಂದ ನಾವು ಅದನ್ನು ಊಹಿಸುತ್ತೇವೆ. ತಲಕಾವೇರಿಯ ತೀರ್ಥೋದ್ಭವಕ್ಕೆ ಗಂಟೆ, ನಿಮಿಷ ಹೇಳುವುದು ಹಾಗೇ ಅಲ್ವಾ? ಸೂರ್ಯ ತುಲಾ ರಾಶಿಗೆ ಕಾಲಿಡುವ ಕ್ಷಣ ಅದು. ಆದರೆ ಸೂರ್ಯನೂ ಇಲ್ಲ, ರಾಶಿಯೂ ಇಲ್ಲ, ಗಡಿಯಾರ ಮಾಡಲು ಒಂದು ಪರಮಾಣುವೂ ಇಲ್ಲ ಎಂದಾದಾಗ? 2020ರ ನೊಬೆಲ್ ಪಡೆದ ರೋಜರ್ ಪೆನ್‌ರೋಸ್ ಕೇಳುವುದು ಇದನ್ನೇ. ದ್ರವ್ಯರಾಶಿ ಇಲ್ಲದ ಬೆಳಕಿನ ಕಣಗಳಿಗೆ ಕಾಲ ಕಳೆಯುವುದೇ ಇಲ್ಲ. ಅವಷ್ಟೇ ಉಳಿದ ವಿಶ್ವದಲ್ಲಿ ದೊಡ್ಡದು ಚಿಕ್ಕದು, ಬೇಗ ತಡ ಎಂಬ ಅಳತೆಗಳೇ ಅರ್ಥ ಕಳೆದುಕೊಳ್ಳುತ್ತವೆ, ಅಲ್ಲಿಂದ ಇನ್ನೊಂದು ಮಹಾಸ್ಫೋಟ ಶುರುವಾಗಬಹುದು ಎಂಬುದು ಅವರ ವಾದ. ಪುರಾವೆ ಸಾಲದು ಎಂದು ಹೆಚ್ಚಿನವರು ಒಪ್ಪಿಲ್ಲ, ನಾನೂ ಒಪ್ಪಿಲ್ಲ. ಪ್ರಶ್ನೆ ಮಾತ್ರ ಗಟ್ಟಿ.

ಇನ್ನೊಂದು ದಾರಿ ಐನ್‌ಸ್ಟೈನರದು. ಎಲ್ಲ ಕಡೆ ಕಾಲ ಒಂದೇ ವೇಗದಲ್ಲಿ ನಡೆಯುವುದಿಲ್ಲ. 1748 ಮೀಟರ್ ಎತ್ತರದ ತಡಿಯಂಡಮೋಳ್ ಮೇಲೆ ಒಂದು ಒಳ್ಳೆಯ ಪರಮಾಣು ಗಡಿಯಾರ ಇಡಿ, ಮಂಗಳೂರಿನ ಕಡಲ ತೀರದಲ್ಲಿ ಇನ್ನೊಂದು ಇಡಿ. ಒಂದು ವರ್ಷದಲ್ಲಿ ಬೆಟ್ಟದ ಮೇಲಿನದು ಸುಮಾರು 6 ಮೈಕ್ರೋಸೆಕೆಂಡ್ ಮುಂದೆ ಓಡಿರುತ್ತದೆ. ಎಲ್ಲರಿಗೂ ಒಂದೇ ಆದ "ಈಗ" ಇಲ್ಲ ಎಂಬುದೂ ಅವರ ಸಿದ್ಧಾಂತದಿಂದ ಬರುತ್ತದೆ. ಹಾಗಾಗಿ ನಿನ್ನೆ, ಇವತ್ತು, ನಾಳೆ ಮೂರೂ ಸಮನಾಗಿ ಇವೆ ಎಂದು ಕೆಲವರು ಅರ್ಥ ಮಾಡುತ್ತಾರೆ. 1955ರಲ್ಲಿ ಗೆಳೆಯ ಬೆಸ್ಸೊ ತೀರಿಕೊಂಡಾಗ ಅವರ ಮನೆಯವರಿಗೆ ಐನ್‌ಸ್ಟೈನ್ ಬರೆದ ಕಾಗದದಲ್ಲಿ ಇದೇ ಸಮಾಧಾನ ಇತ್ತು. ನಂಬುವ ಭೌತವಿಜ್ಞಾನಿಗಳಿಗೆ ಹಿಂದು, ಈಗ, ಮುಂದು ಎಂಬ ಭೇದ ಬಿಡಿಸಿಕೊಳ್ಳಲಾಗದ ಭ್ರಮೆ ಅಷ್ಟೇ ಎಂದು ಬರೆದರು. ಒಂದು ತಿಂಗಳಲ್ಲಿ ಅವರೂ ಹೋದರು. ಈ ಓದನ್ನು ಎಲ್ಲ ವಿಜ್ಞಾನಿಗಳೂ ಒಪ್ಪುವುದಿಲ್ಲ. ಒಪ್ಪಿದರೆ, ನಿಮ್ಮ ಮಾವ ಬದುಕಿದ ವರ್ಷಗಳು ಇಲ್ಲವಾಗಿಲ್ಲ, ಅವು ಇರುವ ಕಡೆ ಇದ್ದೇ ಇವೆ ಎಂದು ಹೇಳಲು ಅಡ್ಡಿ ಇಲ್ಲ. ವಿಶ್ವ ತಣ್ಣಗಾದರೂ ಆ ವರ್ಷಗಳನ್ನು ಅಳಿಸಲಾರದು.

ಕೊನೆಗೆ ಮಗನ "ಇದೆಲ್ಲ ಯಾಕೆ" ಎಂಬ ಪ್ರಶ್ನೆ. ಕಾರೋಣರಿಗೆ ಮೀದಿ ಇಡುವ ಪದ್ಧತಿ ವಿಶ್ವ ಎಂದೆಂದಿಗೂ ಇರುತ್ತದೆ ಎಂದು ಎಲ್ಲೂ ಹೇಳಿಲ್ಲ. ಒಕ್ಕಕ್ಕೆ, ಅಂದರೆ ಕುಲಕ್ಕೆ, ಮೊದಲಿಗರಾದ ಗುರುಕಾರೋಣ ದೂರದ ಸ್ವರ್ಗದಲ್ಲಿ ಕೂತವರಲ್ಲ. ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ದೀಪದ ಹತ್ತಿರ, ಕೈಮಡದ (ಹಿರಿಯರ ಗುಡಿಯ) ಹತ್ತಿರ, ಮನೆಯವರ ಜೊತೆ ಇರುವವರು. ಇವತ್ತು ಇರುವವರು, ಹಿಂದೆ ಇದ್ದವರನ್ನು ಊಟಕ್ಕೆ ಕರೆಯುವುದು ಅದು. 1ರ ಮುಂದೆ 100 ಸೊನ್ನೆ ವರ್ಷದ ನಂತರ ನಡೆಯುವುದು ಇವತ್ತಿನ ಊಟವನ್ನು ವ್ಯರ್ಥ ಮಾಡಬೇಕಾದರೆ, ಅಷ್ಟು ದೂರದಿಂದ ಅದು ಇವತ್ತನ್ನು ಮುಟ್ಟುವುದು ಹೇಗೆ ಎಂದು ಅವನನ್ನು ಕೇಳಿ. ನಾವು ಮಾಡುವುದು ಆ ಕಾಲಕ್ಕೆ ಲೆಕ್ಕಕ್ಕಿಲ್ಲ ಎಂದಾದರೆ, ಆ ಕಾಲದ ಸಂಗತಿಯೂ ನಮ್ಮ ಇವತ್ತಿಗೆ ಲೆಕ್ಕಕ್ಕಿರಬಾರದು, ಅಲ್ವಾ? ಅವನು ಒಪ್ಪದೆ ವಾದ ಮಾಡಿದರೆ ಮಾಡಲಿ, ಸುಮ್ನೆ ಇರು ಎನ್ನಬೇಡಿ. ಮೊದಲ ಪಿಯುಸಿಯ ಭೌತಶಾಸ್ತ್ರದಲ್ಲೇ ಥರ್ಮೋಡೈನಮಿಕ್ಸ್ ಪಾಠ ಇದೆ, ಅದರಲ್ಲಿ ಎರಡನೇ ನಿಯಮವನ್ನು ಚೆನ್ನಾಗಿ ಓದಿಕೊಳ್ಳಲಿ. ಆಮೇಲೂ ಅನುಮಾನ ಉಳಿದರೆ ಮುಂದಿನ ಪ್ರಶ್ನೆಯನ್ನು ಅವನೇ ಬರೆದು ಕಳಿಸಲಿ.